ಕ್ಲಚ್ ಗಟ್ಟಿಯಾದರೆ ಯಾವುದಕ್ಕೆ ಮೊದಲು ಕೈ ಹಾಕಬೇಕು: ಫುಲ್ ಸೆಟ್ಟಾ, ಸಿಲಿಂಡರಾ, ಹೋಸಾ?

ನನ್ನ ವೋಟು ಹೋಸ್‌ಗೆ, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್‌ನಲ್ಲಿ ಆ ಎಣ್ಣೆ ಸಾಗುವ ರಬ್ಬರ್ ಪೈಪಿಗೆ. ಹಳೇ ಸ್ಪೋರ್ಟ್ಸ್ ಕಾರ್ ಕ್ಲಚ್ ಗಟ್ಟಿಯಾಗಿದೆ ಅಂದರೆ ಸಾಕು, ಎಲ್ಲರೂ ಗೇರ್ ಬಾಕ್ಸ್ ಇಳಿಸಿ ಅಂತಲೇ ಹೇಳುತ್ತಾರೆ. ನನಗೂ ಹೇಳಿದರು. ಸಂಜೆ ಹೊತ್ತು ದಾವಣಗೆರೆಯ ಪಿ.ಬಿ. ರಸ್ತೆ ದಾಟುವಷ್ಟರಲ್ಲಿ ಎಡ ಮಂಡಿ ಹಿಡಿದುಕೊಳ್ಳುತ್ತಿತ್ತು.

ಮೊದಲನೆಯದು ದೊಡ್ಡ ಗ್ಯಾರೇಜಿನ ದಾರಿ, ಫುಲ್ ಸೆಟ್: ಗೇರ್ ಬಾಕ್ಸ್ ಇಳಿಸಿದರಷ್ಟೇ ಕೈಗೆ ಸಿಗುವ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲಾ ಹೊಸದು. ಅವರ ಮಾತು ಪೂರ್ತಿ ಸುಳ್ಳಲ್ಲ. ಪ್ಲೇಟ್ ಸವೆದಂತೆ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು ವಾಲಿರುವ ರೀತಿ ಬದಲಾಗಿ ಪೆಡಲ್ ಭಾರವಾಗುತ್ತದೆ. ಆದರೆ ಪ್ಲೇಟ್ ಮುಗಿದಿದ್ದರೆ ಕ್ಲಚ್ ಜಾರಬೇಕಲ್ವಾ? ಚಿತ್ರದುರ್ಗದ ಕಡೆ ಹೆದ್ದಾರಿ 48ರ ಏರಿನಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಆರ್‌ಪಿಎಂ ಮುಳ್ಳು ಸ್ಪೀಡಿನ ಜೊತೆಗೇ ಏರಿತು, ಒಂಟಿಯಾಗಿ ಮೇಲೆ ಓಡಲಿಲ್ಲ. ಇನ್ನು ಅವರು ಕೇಳಿದ ದುಡ್ಡಿಗೆ ಎರಡು ಒಳ್ಳೆ ಟೈರ್ ಬರುತ್ತಿದ್ದವು.

ಎರಡನೆಯದು ಸ್ಪೇರ್ ಪಾರ್ಟ್ಸ್ ಅಂಗಡಿಯವರ ಸಲಹೆ, ಮಾಸ್ಟರ್ (ಪೆಡಲ್ ಕಡೆ ಎಣ್ಣೆ ತಳ್ಳೋದು) ಮತ್ತು ಸ್ಲೇವ್ (ಗೇರ್ ಬಾಕ್ಸ್ ಕಡೆ ಆ ಒತ್ತಡದಿಂದ ಕ್ಲಚ್ ಬಿಡಿಸೋದು) ಸಿಲಿಂಡರ್ ಎರಡೂ ಬದಲಿಸೋದು. ಸೀಲ್ ಸೋರಿದರೆ ಪೆಡಲ್ ಕೆಳಗೆ ಕೂರುತ್ತದೆ, ಗಟ್ಟಿಯಾಗಲ್ಲ. ಬೇರೆ ಎಣ್ಣೆ ಸುರಿದು ಸೀಲ್ ಊದಿದ್ದರೆ ಮಾತು ಬೇರೆ.

ಮೂರನೆಯದು ನಮ್ಮ ಗಲ್ಲಿಯ ಫಿಟ್ಟರ್ ಅಣ್ಣನದು. "ಗೇರ್ ಬಾಕ್ಸ್ ಎಲ್ಲಿಗೂ ಓಡಿ ಹೋಗಲ್ಲ ಸರ್, ಮೊದ್ಲು ಹೊರಗಡೆದು ನೋಡೋಣ" ಅಂದರು. ಪೆಡಲ್ ಬುಶ್‌ಗೆ ಗ್ರೀಸ್ ಹಚ್ಚಿದರು, ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲ್ (ಎಣ್ಣೆ, ಗಾಳಿ ಹೊರಬಿಡುವ ಸಣ್ಣ ಬಾಯಿ) ಸಡಿಲ ಮಾಡಿ ನನ್ನನ್ನು ಒತ್ತಲು ಹೇಳಿದರು. ಎಣ್ಣೆ ಹೊರಗೆ ಹೋಗಲು ದಾರಿ ಇದೆ, ಅಂದರೆ ಪೆಡಲ್ ಹಗುರ ಆಗಬೇಕು. ಆಗಲಿಲ್ಲ! ಪೈಪಿನಲ್ಲಿ ಬಂದಿದ್ದು ಸಣ್ಣ ಧಾರೆ, ಅದೂ ಕಾಫಿ ಡಿಕಾಕ್ಷನ್ ಬಣ್ಣದ್ದು. ಅಂದರೆ ಅಡ್ಡಿ ಇರೋದು ಎಣ್ಣೆಯ ದಾರಿಯಲ್ಲೇ, ಇಷ್ಟರಲ್ಲೇ ಗೇರ್ ಬಾಕ್ಸ್ ಮೇಲಿನ ಅನುಮಾನ ಹೋಯಿತು. ಮುಂದೆ ಹೋಸ್ ಮೇಲ್ಗಡೆ ಯೂನಿಯನ್ (ಪೈಪಿನ ಜೋಡಣೆ) ಬಿಚ್ಚಿ ಒತ್ತಿದಾಗ ಪೆಡಲ್ ಸಲೀಸಾಗಿ ಇಳಿಯಿತು. ಮಾಸ್ಟರ್ ಸರಿಯಾಗಿದೆ, ಕಟ್ಟಿಕೊಂಡಿರೋದು ಹೋಸ್ ಒಂದೇ.

ಹೊರಗಿನಿಂದ ಆ ಹೋಸ್ ಚೆನ್ನಾಗೇ ಇತ್ತು. ಕತ್ತರಿಸಿ ನೋಡಿದರೆ ಒಳಗಿನ ರಬ್ಬರ್ ಊದಿ ತೂತು ಸೂಜಿಯಷ್ಟಾಗಿತ್ತು. ಒತ್ತುವಾಗ ಭಾರ, ಬಿಟ್ಟಾಗ ಪೆಡಲ್ ಸೋಮಾರಿ ಥರ ಮೇಲೆ ಬರುತ್ತಿದ್ದುದು ಇದರಿಂದಲೇ.

ಈ ದಾರಿಯ ತಲೆನೋವು ಒಂದೇ, ಗಾಳಿ ತೆಗೆಯೋದು. ಹೊಸ ಹೋಸ್ ಹಾಕಿದ ಮೇಲೆ ಪೆಡಲ್ ನೆಲಕ್ಕೇ ಅಂಟಿಕೊಂಡಿತು. ಒತ್ತಿ ಹಿಡಿ, ನಿಪ್ಪಲ್ ಬಿಡು, ಮುಚ್ಚು, ಕೈಯಿಂದ ಪೆಡಲ್ ಎತ್ತು. ಮಧ್ಯಾಹ್ನವೆಲ್ಲ ಇದೇ ಆಯಿತು. ಪೈಪ್ ಮೇಲೆ ಹೋಗಿ ಬಾಗುವ ಜಾಗದಲ್ಲಿ ಗಾಳಿ ಕೂತಿದ್ದರೆ ಮೇಲಿಂದ ಎಷ್ಟು ಒತ್ತಿದರೂ ಅದು ಇಳಿಯಲ್ಲ. ಕೊನೆಗೆ ದೊಡ್ಡ ಸಿರಿಂಜಿನಲ್ಲಿ ಡಾಟ್ 4 (ಬ್ರೇಕ್, ಕ್ಲಚ್‌ಗೆ ಹಾಕುವ) ಎಣ್ಣೆ ತುಂಬಿ, ಕೆಳಗಿನ ನಿಪ್ಪಲ್‌ನಿಂದಲೇ ಮೇಲಕ್ಕೆ ನಿಧಾನವಾಗಿ ತಳ್ಳಿದರು. ಮೇಲಿರುವ ಕ್ಲಚ್ ಎಣ್ಣೆ ಡಬ್ಬಿಯಲ್ಲಿ ಬುಳುಬುಳು ಗುಳ್ಳೆ ಎದ್ದವು. ಪೆಡಲ್ ಸರಿಯಾಯಿತು.

ಹೀಗೆ ಮಾಡುವಾಗ ಡಬ್ಬಿ ತುಂಬಿ ಚೆಲ್ಲದಂತೆ ಒಬ್ಬರು ನೋಡುತ್ತಿರಬೇಕು. ಈ ಎಣ್ಣೆ ಪೇಂಟ್ ತಿನ್ನುತ್ತದೆ, ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಗಾಳಿಯ ತೇವವನ್ನೂ ಅದು ಹೀರುತ್ತದೆ, ಅದಕ್ಕೇ 2 ವರ್ಷಕ್ಕೊಮ್ಮೆ ಬದಲಿಸೋದು ಒಳ್ಳೇದು.

ನಾನು ಕಾರ್ ತೆಗೆಯೋದು ಭಾನುವಾರ, ಬೆಣ್ಣೆ ದೋಸೆಗೋ ದುರ್ಗದ ಕಡೆಗೋ. ಜೇಬೂ ಅಷ್ಟಕ್ಕಷ್ಟೆ. ಹಾಗಾಗಿ ನನಗೆ ಹೋಸೇ ಸರಿ. ದಿನಾ ಟ್ರಾಫಿಕ್‌ನಲ್ಲಿ ಓಡಿಸುವವರಾಗಿದ್ದು, ನಿಪ್ಪಲ್ ಬಿಟ್ಟ ತಕ್ಷಣ ಪೆಡಲ್ ಹಗುರ ಆಗಿ ಎಣ್ಣೆ ರಭಸವಾಗಿ ಚಿಮ್ಮಿದರೆ ಮಾತ್ರ ಗೇರ್ ಬಾಕ್ಸ್ ಇಳಿಸಲು ಒಪ್ಪಿಕೊಳ್ಳಿ. ಇಳಿಸಿದ ಮೇಲೆ ಬರೀ ಬೇರಿಂಗ್ ಹಾಕಿಸಿ ಮುಚ್ಚಬೇಡಿ, ಸೆಟ್ಟೇ ಹಾಕಿಸಿ. ಕೂಲಿ ಎರಡು ಸಲ ಯಾಕೆ?