ಕಿಟ್‌ನಲ್ಲಿ ಉಳಿದ ಯೀಸ್ಟ್: ಹಾಕೋದಾ, ಕುದಿಸೋದಾ?

ಬಿಯರ್ ಕಿಟ್ ತಂದಾಗಲೆಲ್ಲ ಮುಚ್ಚಳದಡಿಯ ಯೀಸ್ಟ್ ಪೊಟ್ಟಣವನ್ನು ಪಕ್ಕಕ್ಕಿಟ್ಟು, ಬೇರೆ ಕೊಂಡ ಯೀಸ್ಟನ್ನೇ ಹಾಕುವ ಚಾಳಿ ನನ್ನದು. ಹೀಗೆ ನಾಲ್ಕು ಪೊಟ್ಟಣ ಸೇರಿಕೊಂಡಿದ್ದವು. ಎಸೆಯಲು ಮನಸ್ಸಿಲ್ಲ, ನಂಬಲು ಧೈರ್ಯವಿಲ್ಲ. ಕೊನೆಗೊಮ್ಮೆ ಒಂದೇ ಮಾಲ್ಟ್ ವರ್ಟನ್ನು (ಯೀಸ್ಟ್ ಹಾಕಿದರೆ ಬಿಯರ್ ಆಗುವ ಸಿಹಿ ದ್ರವ) ಐದೈದು ಲೀಟರಿನಂತೆ ಮೂರು ಜಾಡಿಗಳಿಗೆ ಹಂಚಿದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.046 ತೋರಿಸಿತು (ಸಕ್ಕರೆ ಆಲ್ಕೋಹಾಲ್ ಆದಂತೆ ಈ ಅಂಕಿ ಇಳಿಯುತ್ತದೆ), ಮೂರೂ ಒಂದೇ ಮೂಲೆಯಲ್ಲಿ, ಸುಮಾರು 21 ಡಿಗ್ರಿಯಲ್ಲಿ ಕೂತವು.

ಮೊದಲ ಜಾಡಿಗೆ 5 ಗ್ರಾಂನ ಹಳೆ ಕಿಟ್ ಯೀಸ್ಟ್. ಎರಡನೆಯದಕ್ಕೆ ಬೇರೆ ಕೊಂಡು ಫ್ರಿಜ್‌ನಲ್ಲಿಟ್ಟಿದ್ದ ಯುಎಸ್-05 ಎಂಬ ಒಣ ಬಿಯರ್ ಯೀಸ್ಟ್, 3 ಗ್ರಾಂ. ಮೂರನೆಯದಕ್ಕೂ ಅದೇ 3 ಗ್ರಾಂ, ಜೊತೆಗೆ ಒಂದು ಕಿಟ್ ಪೊಟ್ಟಣವನ್ನು ಲೋಟ ವರ್ಟ್‌ನಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ ಸುರಿದೆ. ಸತ್ತ ಯೀಸ್ಟ್ ಬದುಕಿರುವುದಕ್ಕೆ ಆಹಾರವಾಗುತ್ತದೆ ಎಂಬ ಲೆಕ್ಕ.

ಬೆಳಗಾಗುವಷ್ಟರಲ್ಲಿ ಹೊಸ ಯೀಸ್ಟಿನ ಎರಡೂ ಜಾಡಿಗಳ ಏರ್‌ಲಾಕ್ (ಒಳಗಿನ ಅನಿಲವನ್ನಷ್ಟೇ ಹೊರಬಿಡುವ ಮುಚ್ಚಳದ ಕೊಳವೆ) ಗುಳುಗುಳು ಅನ್ನುತ್ತಿದ್ದವು. ಕಿಟ್ ಜಾಡಿ ಮಾತ್ರ ಮೌನವ್ರತ. ಎರಡನೇ ದಿನ ಸಂಜೆ ಅಂಚಿನಲ್ಲಿ ಬಿಳಿ ನೊರೆಯ ಎಳೆ ಕಂಡಾಗ ನನಗೇ ಉಸಿರು ಬಂತು. ಅಷ್ಟು ಹೊತ್ತು ಸಿಹಿ ವರ್ಟ್ ಸುಮ್ಮನೆ ಕೂತರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಅದಕ್ಕೆ ಹೋಲಿಸಿದರೆ ತಡವಾಗಿ ಮುಗಿಯುವುದು ದೊಡ್ಡ ಕಷ್ಟವೇ ಅಲ್ಲ.

ಕೊನೆಗೆ ಕಿಟ್ ಜಾಡಿ 1.014ಕ್ಕೆ ನಿಂತಿತು, ಉಳಿದೆರಡು 1.010ಕ್ಕೆ. ಅಂದರೆ ಸುಮಾರು 4.2 ಮತ್ತು 4.7 ಶೇಕಡಾ ಆಲ್ಕೋಹಾಲ್. ರುಚಿಯಲ್ಲಿ ಅಂತರ ಇನ್ನೂ ಜಾಸ್ತಿ: ಕಿಟ್‌ನದರಲ್ಲಿ ಹಸಿ ಸೇಬಿನ ವಾಸನೆ, ಬಾಯಲ್ಲಿ ಉಳಿಯುವ ಸಿಹಿ. ಕುಡಿಯಬಹುದು, ನೆಂಟರಿಗೆ ಕೊಡಲಾರೆ. ಕುದಿಸಿ ಹಾಕಿದ್ದಕ್ಕೂ ಹಾಕದ್ದಕ್ಕೂ ಕಣ್ಣು ಮುಚ್ಚಿ ಕುಡಿದರೆ ವ್ಯತ್ಯಾಸವೇ ಸಿಗಲಿಲ್ಲ. ಬರೀ ಮಾಲ್ಟಿನ ವರ್ಟ್‌ನಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ ಮೊದಲೇ ಇರುತ್ತದಲ್ಲ. ಅರ್ಧಕ್ಕರ್ಧ ಸಕ್ಕರೆ ಸುರಿಯುವವರಿಗೆ, ಹಣ್ಣಿನ ವೈನ್ ಮಾಡುವವರಿಗೆ ಕುದಿಸಿದ ಯೀಸ್ಟ್ ಉಪಯೋಗಕ್ಕೆ ಬಂದೀತು.

ಕಿಟ್ ಯೀಸ್ಟನ್ನೇ ದೂರುವುದೂ ಸರಿಯಲ್ಲ. ನನ್ನ ಪೊಟ್ಟಣದ ಒಂದು ಮೂಲೆಯಲ್ಲಿ ಕಾಳು ಗಂಟು ಕಟ್ಟಿತ್ತು. ವರ್ಷಗಟ್ಟಲೆ ಸೆಕೆಯ ಡ್ರಾಯರ್‌ನಲ್ಲಿ ಬಿದ್ದಿದ್ದ ಫಲ. ಮಿಕ್ಕ ಎರಡನ್ನು ಚಿಟಿಕೆ ಸಕ್ಕರೆ ಹಾಕಿದ ಉಗುರುಬೆಚ್ಚಗಿನ ನೀರಿಗೆ ಬೇರೆಬೇರೆಯಾಗಿ ಉದುರಿಸಿದೆ. ಅರ್ಧ ಗಂಟೆಯಲ್ಲಿ ಒಂದು ಕೆನೆಯಂತೆ ಉಬ್ಬಿತು, ಇನ್ನೊಂದು ತಳದಲ್ಲಿ ಕೆಸರಾಗಿ ಕೂತಿತು. ಉಬ್ಬಿದ್ದನ್ನು ಮುಂದಿನ ಸಣ್ಣ ಬ್ಯಾಚಿಗೆ ಹಾಕಿದೆ, ಕೆಸರನ್ನು ವೈನಿಗೆಂದು ಕುದಿಸಿಟ್ಟೆ.