ಹಾರ್ಲಿಂಗ್ ಪಾಯಿಂಟ್ ಚೀನೀ ಸ್ಮಶಾನ, ವಿಕ್ಟೋರಿಯಾ: ಒಂದು ಗಂಟೆ ಉಳಿಸಿಕೊಂಡು ಹೋಗಿ

ಕೆನಡಾದ ವಿಕ್ಟೋರಿಯಾಕ್ಕೆ ಹೋದವರು ಬುಚಾರ್ಟ್ ಗಾರ್ಡನ್ನಿನ ಹೂ ನೋಡಿಕೊಂಡು ವಾಪಸ್ ಬರುತ್ತಾರೆ. ಓಕ್ ಬೇ ಕಡೆಯ ಈ ಜಾಗಕ್ಕೂ ಹೋಗಿ. ಟಿಕೆಟ್ ಇಲ್ಲ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್.

ಹುಲ್ಲು, ಬಂಡೆ, ಆಮೇಲೆ ಸೀದಾ ಸಮುದ್ರ. ಆಚೆ ದಡದಲ್ಲಿ ಅಮೆರಿಕದ ಒಲಿಂಪಿಕ್ ಬೆಟ್ಟಗಳು. ನಡುವೆ ಒಂದು ಪೂಜೆಯ ಕಟ್ಟೆ, ಅದರ ಎರಡೂ ಬದಿಗೆ ಎತ್ತರದ ಗೂಡುಗಳು, ಸತ್ತವರ ಹೆಸರಲ್ಲಿ ಕಾಗದದ ಹಣ ಸುಡುವುದು ಅವುಗಳಲ್ಲಿ. ನಾವು ಹೋದಾಗ ಕಟ್ಟೆಯ ಮೇಲೆ ಯಾರೋ ಎರಡು ಕಿತ್ತಳೆ ಇಟ್ಟಿದ್ದರು, ಪಕ್ಕದಲ್ಲಿ ಅರ್ಧ ಉರಿದ ಊದುಬತ್ತಿ.

ಮೊದಲು ಚೀನೀಯರನ್ನು ರಾಸ್ ಬೇ ಸ್ಮಶಾನದ ತಗ್ಗಿನಲ್ಲಿ, ಅಲೆ ಬಂದು ಗುಂಡಿ ಕೊರೆಯುವ ಕಡೆ ಹೂಳುತ್ತಿದ್ದರು. ಅದನ್ನು ಸಹಿಸದೆ ಚೈನೀಸ್ ಕನ್ಸಾಲಿಡೇಟೆಡ್ ಬೆನೆವೊಲೆಂಟ್ ಅಸೋಸಿಯೇಷನ್ ಅನ್ನೋ ಇಲ್ಲಿನ ಚೀನೀಯರ ಸಂಘ 1903ರಲ್ಲಿ ಈ ಜಾಗ ಕೊಂಡಿತು. ಅವರು ಮಾಡಿದ ಕೆಲಸ ನೋಡಿ: ಹೂತು ಏಳು ವರ್ಷಕ್ಕೆ ಮೂಳೆ ತೆಗೆದು, ತೊಳೆದು ಒಣಗಿಸಿ, ಪೆಟ್ಟಿಗೆಗೆ ತುಂಬಿ ಹಾಂಗ್‌ಕಾಂಗಿಗೆ ಹಡಗು ಹತ್ತಿಸುವುದು. ಅಲ್ಲಿಂದ ಮುಂದಕ್ಕೆ ಹಾಂಗ್‌ಕಾಂಗಿನ ತುಂಗ್ ವಾ ಆಸ್ಪತ್ರೆ ದಕ್ಷಿಣ ಚೀನಾದ ಗುವಾಂಗ್‌ಡಾಂಗಿನ ಹಳ್ಳಿಗಳಿಗೆ ತಲುಪಿಸುತ್ತಿತ್ತು. ಎಲೆ ಉದುರಿದರೆ ಬೇರಿಗೇ ಸೇರಬೇಕು ಅಂತ ಅವರಲ್ಲಿ ಮಾತಿದೆ. ಕೆನಡಾಕ್ಕೆ ಬರುವ ಚೀನೀಯರಿಗೆ ಸರ್ಕಾರ ಒಬ್ಬೊಬ್ಬರಿಗೂ ತಲೆ ತೆರಿಗೆ ಹಾಕಿತ್ತು, ಕೊನೆಗೆ ಅದು 500 ಡಾಲರ್‌ಗೆ ಏರಿತು, ಹಾಗಾಗಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳೋಕೆ ಆಗದೆ ರೈಲು ಹಳಿ ಹಾಕುತ್ತಾ, ಬೇರೆಯವರ ಬಟ್ಟೆ ಒಗೆಯುತ್ತಾ ಒಂಟಿಯಾಗಿ ಸತ್ತವರೇ ಜಾಸ್ತಿ. ಇಲ್ಲಿ ತಿಥಿ ಮಾಡೋಕೆ ಯಾರಿದ್ದರು ಹೇಳಿ? ಸಂಘದವರೇ ಮನೆಯವರಾದರು. ಇದಕ್ಕಿಂತ ದೊಡ್ಡ ಸೇವೆ ನಾನು ಕಂಡಿಲ್ಲ.

1937ರಲ್ಲಿ ಚೀನಾದ ಮೇಲೆ ಜಪಾನ್ ಯುದ್ಧ ಶುರುವಾಯಿತು, ಹಡಗು ನಿಂತಿತು. ಊರಿಗೆ ಹೊರಟಿದ್ದ 900ಕ್ಕೂ ಹೆಚ್ಚು ಜನರ ಮೂಳೆ ಇಲ್ಲೇ ಉಳಿಯಿತು. ಕಾದು ಕಾದು 1961ರಲ್ಲಿ 13 ದೊಡ್ಡ ಗುಂಡಿಗಳಲ್ಲಿ, ಇದೇ ಸಮುದ್ರದ ಎದುರಿಗೆ ಮಣ್ಣು ಮಾಡಿದರು. ಅಲ್ಲಿ ನಿಂತಾಗ ನನಗೆ ಮಾತೇ ಹೊರಡಲಿಲ್ಲ.

ಗಾಳಿ ಜೋರು, ಸ್ವೆಟರ್ ಇರಲಿ. ಏಪ್ರಿಲ್ ಮೊದಲ ವಾರ, ಚೀನೀಯರು ಹಿರಿಯರ ಸಮಾಧಿಗೆ ಎಡೆ ಇಡುವ ಛಿಂಗ್‌ಮಿಂಗ್ ಹಬ್ಬದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಹುಲ್ಲಿನ ಮೇಲೆ ಸುಮ್ನೆ ಓಡಾಡಬೇಡಿ, ನೋಡಿಕೊಂಡು ಕಾಲಿಡಿ. ಹೋಗುವಾಗ ಎರಡು ಕಿತ್ತಳೆ ತಗೊಂಡು ಹೋಗಿ.