ಕಾಮೆಟ್ಟೋ, ಮೈಕ್ರೋನ್ಯೂಕ್ಲಿಯಸ್ಸೋ?

ಮೂಡಿಗೆರೆ ಕಡೆ ಕಾಫಿ ತೋಟಕ್ಕೆ ಔಷಧಿ ಹೊಡೆಯುವವರ ರಕ್ತ ನೋಡುವ ಮೊದಲು, ಔಷಧಿ ಮುಟ್ಟದ ಆರೋಗ್ಯವಂತರ ಡಿಎನ್ಎ ಎಷ್ಟು ಹಾಳಾಗಿರುತ್ತದೆ ಅಂತ ಗೊತ್ತಿರಬೇಕು. ಸೊನ್ನೆಯಂತೂ ಯಾರಲ್ಲೂ ಇರುವುದಿಲ್ಲ. ಅದನ್ನು ಅಳೆಯಲು ನನ್ನ ಮುಂದಿರುವ ಪರೀಕ್ಷೆಗಳು ಎರಡು: ಕಾಮೆಟ್, ಮೈಕ್ರೋನ್ಯೂಕ್ಲಿಯಸ್.

ಕಾಮೆಟ್‌ಗೆ ಬೆರಳು ಚುಚ್ಚಿ ತೆಗೆದ ಹನಿ ರಕ್ತ ಸಾಕು. ಬಿಳಿ ರಕ್ತಕಣಗಳನ್ನು ಅಗರೋಸ್ ಎಂಬ ಜೆಲ್‌ನಲ್ಲಿ ಕೂರಿಸಿ, ಪೊರೆ ಕರಗಿಸಿ, ಕ್ಷಾರ ದ್ರಾವಣದಲ್ಲಿ ಕರೆಂಟ್ ಹರಿಸಿದರೆ ತುಂಡಾದ ಡಿಎನ್ಎ ಧೂಮಕೇತುವಿನ ಬಾಲದಂತೆ ಹೊರಚಾಚುತ್ತದೆ. ಬಾಲದಲ್ಲಿ ಶೇಕಡಾ ಎಷ್ಟಿದೆ ಅಂತ ಅಳೆಯುವುದು, ಅಷ್ಟೇ. ಆದರೆ ಅದು ಆ ಹೊತ್ತಿನ ಗಾಯ. ಬಹುಪಾಲು ಕೆಲವೇ ಗಂಟೆಗಳಲ್ಲಿ ರಿಪೇರಿಯಾಗುತ್ತದೆ. ವೋಲ್ಟೇಜ್, ಜೆಲ್ ಓಡಿಸಿದ ಸಮಯ ಸ್ವಲ್ಪ ಬದಲಾದರೂ ಅಂಕಿ ಬದಲಾಗುತ್ತದೆ. ಬೇರೆ ಲ್ಯಾಬಿನ ಬೇಸ್‌ಲೈನ್ (ಆರೋಗ್ಯವಂತರ ಅಂಕಿ) ಎರವಲು ತರಲೇಬೇಡಿ.

ಮೈಕ್ರೋನ್ಯೂಕ್ಲಿಯಸ್ ಅಂದರೆ ಕಣ ವಿಭಜನೆಯಾಗುವಾಗ ಮುಖ್ಯ ನ್ಯೂಕ್ಲಿಯಸ್ಸಿನ ಹೊರಗುಳಿದ ಪುಟ್ಟ ನ್ಯೂಕ್ಲಿಯಸ್. ಅದನ್ನು ನೋಡಲು ಜೀವಂತ ಕಣ ಬೇಕು. 37 ಡಿಗ್ರಿಯಲ್ಲಿ 72 ಗಂಟೆ ಬೆಳೆಸಿ, ನಡುವೆ 44ನೇ ಗಂಟೆಗೆ, ಕಣ ಎರಡಾಗಿ ಬೇರ್ಪಡದಂತೆ ತಡೆಯುವ ಸೈಟೊಕಲಾಸಿನ್-ಬಿ ಹಾಕಬೇಕು. (ಅದು ನಡುರಾತ್ರಿಗೆ ಬೀಳದಂತೆ ರಕ್ತ ತೆಗೆಯುವ ಹೊತ್ತನ್ನು ಮೊದಲೇ ಲೆಕ್ಕ ಹಾಕಿ.) ಆಮೇಲೆ ಜೋಡಿ ನ್ಯೂಕ್ಲಿಯಸ್ಸಿನ 1000 ಕಣ ಎಣಿಸುವಷ್ಟರಲ್ಲಿ ಕಣ್ಣು ಉರಿಯುತ್ತದೆ. ಇಲ್ಲಿ ಕಾಣುವುದು ರಿಪೇರಿಯಾಗದೆ ಉಳಿದ ಹಾನಿ. ವಯಸ್ಸಾದಂತೆ ಏರುತ್ತದೆ, ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ. ಔಷಧಿ ಹೊಡೆಯುವವರು, ಮುಟ್ಟದವರು ಎರಡೂ ಗುಂಪಿನಲ್ಲಿ ವಯಸ್ಸು, ಲಿಂಗ ಸರಿದೂಗಿಸಿ.

ಹಾಸನದ ಲ್ಯಾಬಿನಲ್ಲಿ ಆ 72 ಗಂಟೆ ಕರೆಂಟ್ ಹೋಗದಂತೆ ಕಾಯುವ, ಮಳೆಗಾಲಕ್ಕೂ ಜಗ್ಗದ ಯುಪಿಎಸ್ ಇದ್ದರೆ ನಾನು ಎರಡನೆಯದಕ್ಕೇ ಕೈಹಾಕುವೆ. ಇಲ್ಲದಿದ್ದರೆ ಕಾಮೆಟ್.